ತಕ್ಕಡಿಯ ಮುಳ್ಳು ಹೋದದ್ದೆಲ್ಲಿ?

ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪೇರಿಸಿದ ಅರಿಶಿನದ ಕೊಂಬುಗಳು ಗೋಣಿಚೀಲಗಳಲ್ಲಿ ತುಂಬಿ ಚಾಮರಾಜನಗರದ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಅಲ್ಲಿ ಅರ್ಧ ಗಳಿಗೆ ನಿಂತು ನೋಡಿದವರಿಗೆ ಒಂದು ವಿಚಿತ್ರವು ಗೋಚರಿಸದೆ ಇರದು. ಹಮಾಲಿಯು ಬೆನ್ನಿನ ಮೂಟೆಯನ್ನು ಕಬ್ಬಿಣದ ಹಲಗೆಯ ಮೇಲೆ ಇಳಿಸುತ್ತಾನೆ, ಎದುರಿನ ಪೆಟ್ಟಿಗೆಯ ಕೆಂಪು ಅಂಕಿಗಳು ಕ್ಷಣಕಾಲ ತಡವರಿಸಿ ಸ್ಥಿರವಾಗುತ್ತವೆ, ಗುಮಾಸ್ತನು ಬರೆದುಕೊಳ್ಳುತ್ತಾನೆ, ತೂಗಿದ ಕ್ರಿಯೆಯೊಂದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಂದೆ ಹಾಗಿರಲಿಲ್ಲ. ಎರಡು ತಟ್ಟೆ, ಒಂದು ದಂಡ, ನಡುವೆ ಒಂದು ಮುಳ್ಳು. ಆ ಮುಳ್ಳು ನೆಟ್ಟಗೆ ನಿಂತಿತೋ ಇಲ್ಲವೋ ಎಂಬುದನ್ನು ಮಾರುವವನೂ ಕೊಳ್ಳುವವನೂ ಏಕಕಾಲಕ್ಕೆ ನೋಡಬಹುದಾಗಿತ್ತು. 1958ರ ಅಕ್ಟೋಬರ್ 1ರಿಂದ ಮೊದಲ್ಗೊಂಡು ಸೇರು ಮಣಗಳು ಕ್ರಮೇಣ ನಿರ್ಗಮಿಸಿ ಕಿಲೋಗ್ರಾಮು ಬಂದಾಗ ಬಟ್ಟುಗಳು ಬದಲಾದುವು, ಮುಳ್ಳು ಬದಲಾಗಲಿಲ್ಲ. ಅದು ಕಣ್ಮರೆಯಾದದ್ದು ಆಮೇಲೆ. ಎಲ್ಲಿಗೆ ಹೋಯಿತು ಎಂಬುದೇ ಈ ಲೇಖನದ ಜಿಜ್ಞಾಸೆ.

ಹಲಗೆಯ ಕೆಳಗೆ ಒಂದು ಲೋಹದ ತುಂಡುಂಟು. ತೂಕದ ಯಂತ್ರ ರಿಪೇರಿ ಮಾಡುವವರು ಅದನ್ನು ಲೋಡ್ ಸೆಲ್ ಎನ್ನುತ್ತಾರೆ. ಮೂಟೆಯ ಭಾರಕ್ಕೆ ಅದು ಬಾಗುತ್ತದೆ, ಆದರೆ ಆ ಬಾಗುವಿಕೆ ಕಣ್ಣಿಗೆ ಕಾಣುವಂಥದ್ದಲ್ಲ. ತಂತಿಯನ್ನು ಎಳೆದರೆ ಅದರ ವಿದ್ಯುದ್ರೋಧವು ವ್ಯತ್ಯಾಸಗೊಳ್ಳುತ್ತದೆಂಬುದನ್ನು 1856ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತನಾದ ವಿಲಿಯಮ್ ಥಾಮ್ಸನ್ ಕಂಡಿದ್ದನಾದರೂ, ಆ ತತ್ತ್ವವು ಅಳೆಯುವವರ ಕೈಗೆ ಸಾಧನವಾಗಿ ದೊರೆಯಲು ಎಂಬತ್ತು ವರ್ಷಗಳೇ ಬೇಕಾದುವು: 1938ರ ಸುಮಾರಿನಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು, ಒಬ್ಬರನ್ನೊಬ್ಬರು ಅರಿಯದೆಯೇ, ಸೂಕ್ಷ್ಮ ತಂತಿಯನ್ನು ಲೋಹಕ್ಕೆ ಅಂಟಿಸುವ ಉಪಾಯವನ್ನು ಕಂಡುಕೊಂಡರು. ಇದೇ ಸ್ಟ್ರೈನ್ ಗೇಜ್. ಅಂಥ ನಾಲ್ಕು ಗೇಜುಗಳನ್ನು ಚೌಕವಾಗಿ ಜೋಡಿಸಿದರೆ ವೀಟ್‌ಸ್ಟನ್ ಸೇತುವೆ. ಅದನ್ನು 1833ರಲ್ಲಿ ಮೊದಲು ವರ್ಣಿಸಿದವನು ಸ್ಯಾಮ್ಯುಯಲ್ ಕ್ರಿಸ್ಟಿ, ಹತ್ತು ವರ್ಷಗಳ ತರುವಾಯ ಪ್ರಚಾರಕ್ಕೆ ತಂದವನು ವೀಟ್‌ಸ್ಟನ್. ಕಟ್ಟಿದವನೊಬ್ಬ, ಹೆಸರಾದವನೊಬ್ಬ, ವೀಟ್‌ಸ್ಟನ್ನನು ಕ್ರಿಸ್ಟಿಯ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದನೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ಈಗ ಸ್ವಲ್ಪ ಲೆಕ್ಕ. ಸಾಧಾರಣ ಲೋಡ್ ಸೆಲ್ಲೊಂದು ಪೂರ್ಣ ಭಾರದಲ್ಲಿ, ತನಗೆ ಕೊಟ್ಟ ಪ್ರತಿ ವೋಲ್ಟಿಗೆ 2 ಮಿಲಿವೋಲ್ಟಿನಷ್ಟು ಉತ್ತರವನ್ನು ಕೊಡುತ್ತದೆ. ಆ ಪೂರ್ಣ ಭಾರವು 100 ಕಿಲೋ ಎಂದಿಟ್ಟುಕೊಂಡು 5 ವೋಲ್ಟು ಕೊಟ್ಟರೆ 100 ಕಿಲೋ ಮೂಟೆಗೆ 10 ಮಿಲಿವೋಲ್ಟು, ಒಂದು ಕಿಲೋವಿಗೆ 100 ಮೈಕ್ರೋವೋಲ್ಟು, 50 ಗ್ರಾಮಿಗೆ ಕೇವಲ 5 ಮೈಕ್ರೋವೋಲ್ಟು. ರೈತನ ವರ್ಷದ ದುಡಿಮೆಯ ಮೌಲ್ಯವು ಹೀಗೆ ವೋಲ್ಟಿನ ಲಕ್ಷಾಂಶಗಳಲ್ಲಿ ಅಡಗಿ ಕುಳಿತಿರುವಾಗ, ಅದನ್ನು ಅಂಕಿಯಾಗಿ ಓದಬೇಕಾದರೆ ಮೊದಲು ಹಿಗ್ಗಿಸಬೇಕು. ಹಿಗ್ಗಿಸುವುದಾದರೂ ಎಷ್ಟು ಪಾಲು ಎಂಬುದು ಇಂದಿಗೂ ನಾಳೆಗೂ ಕದಲದಂತಿರಬೇಕು.

ಕಷ್ಟವಿದ್ದದ್ದು ಅಲ್ಲಿಯೇ. ಹೀಗೆ ಹಿಗ್ಗಿಸುವ ಸಾಧನಗಳಾದ ವರ್ಧಕಗಳಿಗೆ ಹಿಂದೆ ಬಲವಿತ್ತು, ಸ್ಥಿರತೆಯಿರಲಿಲ್ಲ. ಅವುಗಳೊಳಗಿನ ನಿರ್ವಾತ ವಾಲ್ವು ಹಳತಾದರೆ ಒಂದು ಪ್ರಮಾಣ, ಕಾದರೆ ಇನ್ನೊಂದು. ದೂರದ ಟೆಲಿಫೋನ್ ಮಾರ್ಗಗಳಿಗಾಗಿ ಈ ಕ್ಲೇಶದೊಡನೆ ವರ್ಷಗಟ್ಟಲೆ ಹೆಣಗಿದ್ದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರು, 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತ ಕೆಲಸಕ್ಕೆ ಹೋಗುತ್ತಿದ್ದಾಗ, ಪರಿಹಾರವು ಹೊಳೆದು, ಕೈಯಲ್ಲಿದ್ದ ವೃತ್ತಪತ್ರಿಕೆಯ ಪುಟದ ಮೇಲೆಯೇ ಚಿತ್ರವನ್ನೂ ಸಮೀಕರಣವನ್ನೂ ಗೀಚಿಕೊಂಡನು. ಹೊರಬಂದ ಸಂಕೇತದ ಒಂದಂಶವನ್ನು ಹಿಂದಕ್ಕೆ ತಂದು ಒಳಬರುವುದರಿಂದ ಕಳೆಯಬೇಕು. ಹಾಗೆ ಕಳೆದರೆ ವರ್ಧಕದ ಬಲವು ಬಹುಪಾಲು ನಷ್ಟವಾಗುತ್ತದೆ, ನಿಜ, ಆದರೆ ಉಳಿದದ್ದು ವಾಲ್ವಿನ ವಯಸ್ಸನ್ನಾಗಲಿ ಶಾಖವನ್ನಾಗಲಿ ಲಕ್ಷಿಸದೆ ಎರಡು ರೋಧಕಗಳ ಅನುಪಾತವೊಂದಕ್ಕೇ ವಿಧೇಯವಾಗಿ ನಿಲ್ಲುತ್ತದೆ. ನೆಗೆಟಿವ್ ಫೀಡ್‌ಬ್ಯಾಕ್ ಎಂದು ಎಂಜಿನಿಯರುಗಳು ಹೇಳುವುದು ಇದನ್ನೇ. ಗಳಿಸಿದ ಬಲವನ್ನು ಬುದ್ಧಿಪೂರ್ವಕವಾಗಿ ಚೆಲ್ಲುವ ಈ ಮಾತನ್ನು ಪೇಟೆಂಟು ಕಛೇರಿಯು ಸುಲಭವಾಗಿ ನಂಬಲಿಲ್ಲ. ಹಕ್ಕುಪತ್ರ ದೊರೆತದ್ದು 1937ರಲ್ಲಿ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳತ್ತ ಫಿರಂಗಿಯನ್ನು ಗುರಿಯಿಡುವ ಗಣಕಗಳಿಗೆ ಕೂಡುವ, ಕಳೆಯುವ ವರ್ಧಕಗಳು ಬೇಕಾದುವು. ಅವಕ್ಕೆ ಆಪರೇಷನಲ್ ಆಂಪ್ಲಿಫಯರ್ ಎಂಬ ನಾಮಕರಣವನ್ನು ಅಚ್ಚಿನಲ್ಲಿ ಮಾಡಿದವನು ಜಾನ್ ರಗಾಝಿನಿ, 1947ರಲ್ಲಿ. ಜನರ ಬಾಯಲ್ಲಿ ಅದು ಆಪ್-ಆಂಪ್ ಆಯಿತು. ಜಾರ್ಜ್ ಫಿಲ್‌ಬ್ರಿಕ್ಕನ ಕೆ2-ಡಬ್ಲ್ಯು ಎಂಬ ಆಪ್-ಆಂಪಿಗೆ ಎರಡು ವಾಲ್ವುಗಳೂ 300 ವೋಲ್ಟಿನ ಪೂರೈಕೆಯೂ ಬೇಕಿತ್ತು; 1968ರಲ್ಲಿ ಫೇರ್‌ಚೈಲ್ಡ್ ಸಂಸ್ಥೆಯ ಡೇವ್ ಫುಲಗರ್ ರೂಪಿಸಿದ 741 ಎಂಬುದು ಬೆರಳ ತುದಿಯಷ್ಟು ಚಿಪ್ಪಿನಲ್ಲಿ ಸುಮಾರು ಎರಡು ಲಕ್ಷ ಪಟ್ಟು ಹಿಗ್ಗಿಸಬಲ್ಲುದು. ಆದರೆ ನೂರು ಪಟ್ಟು ಸಾಕೆಂದಿರಾ, 1 ಕಿಲೋ ಓಮಿನದೊಂದು, 99 ಕಿಲೋ ಓಮಿನದೊಂದು ರೋಧಕವನ್ನು ಹಾಕಿದರೆ ಅದು ನೂರಕ್ಕೇ ತಲೆಬಾಗುತ್ತದೆ.

ಹಾಗೆಂದು 741ನ್ನು ನಂಬಿ ಅರಿಶಿನ ತೂಗಲಾಗದು. ಒಳಗೆ ಏನೂ ಬಾರದಿದ್ದಾಗಲೂ ಅದಕ್ಕೆ ಸುಮಾರು 1 ಮಿಲಿವೋಲ್ಟಿನ ಭ್ರಮೆಯಿರುವುದು ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಅದು 10 ಕಿಲೋ ಅರಿಶಿನ! ಸೊನ್ನೆಯ ಗುಂಡಿ ಒತ್ತಿ ಅದನ್ನು ಕಳೆಯಬಹುದು, ದಿಟ. ಆದರೆ ಆ ಭ್ರಮೆಯು ಡಿಗ್ರಿಗೆ 5 ಮೈಕ್ರೋವೋಲ್ಟಿನಂತೆ ಜಾರಿದರೂ, ಬೆಳಗಿನ ಚಳಿಯಿಂದ ನಡುಹಗಲಿಗೆ ಹತ್ತು ಡಿಗ್ರಿ ಏರುವ ಬಿಸಿಲಿನಲ್ಲಿ ಅರ್ಧ ಕಿಲೋ ತಾನಾಗಿ ಹುಟ್ಟುತ್ತದೆ ಅಥವಾ ಸಾಯುತ್ತದೆ. ಮೇಲಾಗಿ ಸೇತುವೆಯ ಎರಡು ತಂತಿಗಳೂ ನೆಲದಿಂದ ಎರಡೂವರೆ ವೋಲ್ಟಿನ ಎತ್ತರದಲ್ಲಿರುತ್ತವೆ, 50 ಹರ್ಟ್ಸಿನ ಕರೆಂಟಿನ ಗುಂಯ್‌ಕಾರ ಎರಡಕ್ಕೂ ಸಮನಾಗಿ ಸೇರುತ್ತದೆ. ಸಮಾನವಾದುದನ್ನು ತಿರಸ್ಕರಿಸಿ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸಬೇಕೆಂದು ಮೂರು ಆಪ್-ಆಂಪುಗಳನ್ನು ಕೂಡಿಸಿ ಕಟ್ಟಿದ್ದು ಇನ್‌ಸ್ಟ್ರುಮೆಂಟೇಷನ್ ವರ್ಧಕ. ಈಚೆಗೆ ಎಚ್‌ಎಕ್ಸ್711 ಎಂಬಂಥ ಚಿಪ್ಪುಗಳು 128 ಪಟ್ಟು ಹಿಗ್ಗಿಸುವ ಕೆಲಸವನ್ನೂ 24 ಬಿಟ್ಟಿನ ಅಂಕೆಯಾಗಿಸುವ ಕೆಲಸವನ್ನೂ ಒಂದೇ ಗೂಡಿನಲ್ಲಿ ನಡೆಸುತ್ತಿವೆ. ಮುಳ್ಳು ಹೋಗಿ ಸೇರಿದ್ದು ಈ ಗೂಡಿಗೆ.

ತೆರಕಣಾಂಬಿಯ ತರಕಾರಿ, ಗುಂಡ್ಲುಪೇಟೆಯ ಚೆಂಡುಹೂ, ರೇಷ್ಮೆಗೂಡಿನ ಹಗುರಾದ ಬುಟ್ಟಿ, ಚಾಮರಾಜನಗರದ ಕರಿಕಲ್ಲನ್ನು ಹೊತ್ತು ತೂಕದ ಕಟ್ಟೆಗೇರುವ ಲಾರಿ, ಎಲ್ಲಕ್ಕೂ ಸೂತ್ರ ಒಂದೇ. ಲೋಹದ ತುಂಡಿನ ದಪ್ಪವಷ್ಟೇ ಬೇರೆ. ನನಗೆ ಹಳೆಯ ಮುಳ್ಳಿನ ಮೇಲೆ ಮೋಹವಿಲ್ಲ. ತಟ್ಟೆಯಡಿ ಹುಣಿಸೆಹಣ್ಣು ಮೆತ್ತುವ ಕೈಚಳಕವು ಆ ಕಾಲದ್ದೇ ಅಲ್ಲವೆ! ಆದರೆ ವರ್ಧಕವು ಸುಳ್ಳನ್ನೂ ಸತ್ಯದಷ್ಟೇ ಶ್ರದ್ಧೆಯಿಂದ ಹಿಗ್ಗಿಸುತ್ತದೆ. ಆದುದರಿಂದಲೇ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಬೇಕೆಂಬ ನಿಯಮವಿರುವುದು. ಮೂಟೆಯನ್ನು ಹಲಗೆಗೇರಿಸುವ ಮುನ್ನ ಅಂಕಿಯು ಸೊನ್ನೆಯಲ್ಲಿದೆಯೆ, ಈ ವರ್ಷದ ಮುದ್ರೆಯಿದೆಯೆ ಎಂದು ನೋಡಿಕೊಳ್ಳಿ. ಕಾಣದಿದ್ದರೆ ಕೇಳಿ, ಅದರಲ್ಲಿ ಸಂಕೋಚವೇನೂ ಬೇಡ.