ಅಲ್ಪಾವಧಿಯ ನೌಕರಿ: ಹೇಳುವುದೋ, ಮುಚ್ಚುವುದೋ?

ಬೀರೂರು ಜಂಕ್ಷನ್ನಿನಲ್ಲಿ ರೈಲುಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಸಾಗಿದರೆ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ಬೆಂಗಳೂರಿನತ್ತ ಹೊರಟವರಿಗೆ ಕಡೂರು ಅಲ್ಲಿಂದ ಬಹು ಸಮೀಪ. ತೆಂಗು, ಅಡಿಕೆ, ಈರುಳ್ಳಿಗಳನ್ನು ನಂಬಿದ ಈ ಭಾಗದ ಮನೆಗಳಿಂದ ಪ್ರತಿವರ್ಷವೂ ಪದವಿ ಮುಗಿಸಿದ ಮಕ್ಕಳು ಈ ಹಳಿಗಳ ಮೇಲೆಯೇ ರಾಜಧಾನಿಗೆ ತೆರಳುತ್ತಾರೆ. ಹೊರಡುವ ದಿನ ಮನೆಮಂದಿಯೆಲ್ಲ ನಿಲ್ದಾಣಕ್ಕೆ ಬರುತ್ತಾರೆ. ಅವರಲ್ಲಿ ಕೆಲವರು ಹದಿನೈದು ದಿನಕ್ಕೋ, ಒಂದೂವರೆ ತಿಂಗಳಿಗೋ ಕೆಲಸ ಬಿಟ್ಟು ಮರಳುವುದುಂಟು. ಆ ದಿನ ನಿಲ್ದಾಣಕ್ಕೆ ಯಾರೂ ಬಂದಿರುವುದಿಲ್ಲ.

ಹೀಗೆ ಮರಳಿದ ಮಕ್ಕಳ ತಂದೆತಾಯಿಗಳು ನಮ್ಮನ್ನು ಕಂಡಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ, ಸಂದರ್ಶನಕ್ಕೆ ಹೋದಾಗ, ಈ ಇಪ್ಪತ್ತು ದಿನದ ನೌಕರಿಯ ವಿಚಾರವಾಗಿ ಏನು ಹೇಳಬೇಕು? ಬಹುಪಾಲು ಮನೆಗಳಲ್ಲಿ ಹಿರಿಯರು ಇದಕ್ಕೆ ಉತ್ತರವನ್ನು ಆಗಲೇ ನಿರ್ಧರಿಸಿರುತ್ತಾರೆ: "ಅದನ್ನ ಎತ್ತಲೇಬೇಡ ಮಗಾ, ಮನೇಲಿ ತೋಟ ನೋಡ್ಕೊಂಡಿದ್ದೆ ಅನ್ನು." ನಮ್ಮಿಂದ ಬೇಕಾಗಿರುವುದು ಅದಕ್ಕೊಂದು ಅನುಮೋದನೆ ಮಾತ್ರ. ನಾವು ಅದನ್ನು ಕೊಟ್ಟಿಲ್ಲ. ಏಕೆ ಕೊಟ್ಟಿಲ್ಲವೆಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲಿಗೆ, ಈ ಸಲಹೆ ಹುಟ್ಟುವುದು ಎಲ್ಲಿಂದ ಎಂಬುದನ್ನು ನೋಡೋಣ. ಮಗನು ಮರಳಿ ಬಂದಾಗ ಊರು ಕೇಳುವ ಪ್ರಶ್ನೆ "ಏಕೆ ಬಂದೆ?" ಎಂಬುದು. ಅದರೊಳಗೆ "ನಿನ್ನ ಕೈಲಿ ಆಗಲಿಲ್ಲವೇ?" ಎಂಬ ಕುಹಕವೂ ಅಡಗಿರುತ್ತದೆ. ಮದುವೆಮನೆಯಲ್ಲಿ, ಸಂತೆಯಲ್ಲಿ, ಸಹಕಾರ ಸಂಘದ ಜಗುಲಿಯಲ್ಲಿ ಇದನ್ನು ಕೇಳಿಸಿಕೊಂಡು ಬೇಸತ್ತ ಕುಟುಂಬವು ಮರೆಮಾಚುವುದನ್ನು ರೂಢಿಸಿಕೊಳ್ಳುತ್ತದೆ. ಆದರೆ ಕೆಲಸ ಕೊಡುವವನು ಕೇಳುವ ಪ್ರಶ್ನೆ ಇದಲ್ಲ. ಕೆಲವು ವರ್ಷಗಳ ಕಾಲ ಒಂದು ವಿದ್ಯಾಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ಕುಳಿತು ನಾವು ಕಂಡುಕೊಂಡ ಸಂಗತಿಯಿದು: ಅಭ್ಯರ್ಥಿಯ ಮಾನ ಕಳೆಯುವುದರಲ್ಲಿ ಮೇಜಿನ ಆಚೆ ಕುಳಿತವರಿಗೆ ಯಾವ ಆಸಕ್ತಿಯೂ ಇರುವುದಿಲ್ಲ. ಅವರಿಗೆ ತಿಳಿಯಬೇಕಾದದ್ದು ಇಷ್ಟೆ: "ನಮ್ಮಲ್ಲಿಯಾದರೂ ನಿಲ್ಲುವೆಯಾ?" ನಮ್ಮ ಮಕ್ಕಳು ಊರಿನ ಪ್ರಶ್ನೆಗೆ ಸಿದ್ಧಪಡಿಸಿಕೊಂಡ ಉತ್ತರವನ್ನು ಆ ಮೇಜಿನ ಮುಂದೆ ಒಪ್ಪಿಸುತ್ತಾರೆ. ಕೇಳಿದ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ.

ಅವಧಿ ಚಿಕ್ಕದಾದ ಮಾತ್ರಕ್ಕೆ ಅದು ಕಳಂಕವಾಗುವುದಿಲ್ಲ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ನಿದರ್ಶನಗಳಿವೆ. ಅಜ್ಜಂಪುರದ ಮಗ್ಗುಲಿನ ಹೊಸದುರ್ಗ ಕ್ಷೇತ್ರದಲ್ಲಿ 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಸೋತರು. ಪಕ್ಷಕ್ಕೆ ಬಹುಮತವಿತ್ತು, ನಾಯಕರಿಗೆ ಶಾಸನಸಭೆಯಲ್ಲಿ ಸ್ಥಾನವಿರಲಿಲ್ಲ. ಆಗ, ವಿಧಾನಸಭೆಯ ಅಧ್ಯಕ್ಷರಾಗಿದ್ದ ಹುನಗುಂದದ ಎಸ್. ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದೊಡನೆ, ಅದೇ ಜೂನ್ ತಿಂಗಳಲ್ಲಿ, ಅಧಿಕಾರವನ್ನು ಅವರಿಗೆ ಒಪ್ಪಿಸಿ ಕೆಳಗಿಳಿದರು. ಪೂರ್ತಿ ನೂರು ದಿನಗಳೂ ತುಂಬಿರಲಿಲ್ಲ. ಆಮೇಲೆ ಅವರು ಮನೆ ಸೇರಿ ಮುಖ ಮರೆಸಿಕೊಂಡರೇ? ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾದರು. ವಿಜಾಪುರದಲ್ಲಿ 1963ರಲ್ಲಿ ಸೈನಿಕ ಶಾಲೆ ಪ್ರಾರಂಭವಾದಾಗ ಆ ಖಾತೆ ಅವರ ಕೈಯಲ್ಲಿತ್ತು. ಅವರಿಗಿಂತ ಮುಂಚೆ, 1956ರಲ್ಲಿ, ತೀರ್ಥಹಳ್ಳಿ ಸೀಮೆಯ ಕಡಿದಾಳು ಮಂಜಪ್ಪನವರು ಮುಖ್ಯಮಂತ್ರಿಗಳಾಗಿದ್ದದ್ದು ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ, ಎರಡೂವರೆ ತಿಂಗಳಿಗೂ ಕಡಿಮೆ. ಮರುದಿನ ಏಕೀಕೃತ ರಾಜ್ಯವೇ ಉದಯವಾಗಿ ಹೊಸ ಮಂತ್ರಿಮಂಡಲ ಬಂತು. ಈ ಇಬ್ಬರ ಅಲ್ಪಾವಧಿಗೂ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಹೇಳಿದೊಡನೆ ಕೇಳುವವರಿಗೆ ಸಮಾಧಾನವಾಗುತ್ತದೆ. ಇಷ್ಟು ದೊಡ್ಡವರ ಮಾತು ನಮಗೇತಕ್ಕೆ ಎಂದು ಕೆಲವರು ಆಕ್ಷೇಪಿಸಬಹುದು. ಅಧಿಕಾರ ದೊಡ್ಡದಾದರೂ ಕೇಳುವವರ ಕುತೂಹಲ ಒಂದೇ ಬಗೆಯದು. "ಏಕಿಷ್ಟು ಬೇಗ?" ಎಂಬುದಕ್ಕೆ ಸರಳವಾದ ಕಾರಣ ಸಿಕ್ಕಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಸಿಗದಿದ್ದರೆ ಊಹೆಗಳು ಬೆಳೆಯುತ್ತವೆ.

ಹಾಗಾದರೆ ಹೇಳುವ ಬಗೆ ಹೇಗೆ? ತರೀಕೆರೆ ಕಡೆಯ ಒಬ್ಬ ವಾಣಿಜ್ಯ ಪದವೀಧರನನ್ನು ಬೆಂಗಳೂರಿನ ಒಂದು ಸಂಸ್ಥೆಯವರು ಲೆಕ್ಕಪತ್ರದ ಕೆಲಸವೆಂದು ಸೇರಿಸಿಕೊಂಡು, ಸೇರಿದ ಮೇಲೆ ಸಾಲ ವಸೂಲಿಗೆ ಬೀದಿಬೀದಿ ಅಲೆಸಿದರು. ಇಪ್ಪತ್ತೆರಡನೆಯ ದಿನ ಆತ ಬಿಟ್ಟುಬಂದ. ಮುಂದಿನ ಎರಡು ಸಂದರ್ಶನಗಳಲ್ಲಿ ಆ ಸಂಸ್ಥೆಯವರು ಮೋಸಗಾರರೆಂದೂ, ಮೇಲಿನವನು ದುಷ್ಟನೆಂದೂ ಕಾಲುಗಂಟೆ ವಿವರಿಸಿದನಂತೆ. ಎರಡೂ ಕಡೆ ಕೆಲಸ ಸಿಗಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕೇಳುತ್ತಿದ್ದವರು ಆ ಹಳೆಯ ಧಣಿಯ ಸ್ಥಾನದಲ್ಲಿ ತಮ್ಮನ್ನು ಇಟ್ಟುಕೊಂಡು ನೋಡಿದರು. ನಾಳೆ ತಮ್ಮನ್ನೂ ಹೀಗೆಯೇ ಹೊರಗೆ ಆಡಿಕೊಂಡಾನು ಎಂದು ಶಂಕಿಸಿದರು. ನಾವು ಆತನಿಗೆ ಹೇಳಿಕೊಟ್ಟದ್ದು ಇಷ್ಟು: "ಲೆಕ್ಕದ ಕೆಲಸ ಅಂತ ಸೇರಿದೆ ಸಾರ್. ಅಲ್ಲಿ ನನಗೆ ಒಪ್ಪಿಸಿದ್ದು ವಸೂಲಿ ಕೆಲಸ. ನಾನು ಕಲಿತಿರುವುದು ಲೆಕ್ಕ, ಆದ್ದರಿಂದ ಇಪ್ಪತ್ತೆರಡು ದಿನಕ್ಕೆ ಬರೆದುಕೊಟ್ಟು ಬಂದೆ. ಇಲ್ಲಿ ಲೆಕ್ಕದ ಕೆಲಸವೇ ಎಂದು ವಿಚಾರಿಸಿಕೊಂಡೇ ಅರ್ಜಿ ಹಾಕಿದ್ದೇನೆ." ಇದರಲ್ಲಿ ನಿಂದೆಯಿಲ್ಲ, ಗೋಳಿಲ್ಲ. ಕಡೆಯ ವಾಕ್ಯವೇ ಮುಖ್ಯ. "ನಮ್ಮಲ್ಲಿ ನಿಲ್ಲುವೆಯಾ?" ಎಂಬ ಕೇಳದ ಪ್ರಶ್ನೆಗೆ ಅದೇ ಉತ್ತರ.

ಬೇರೆ ಬೇರೆ ಕಾರಣಗಳಿಗೆ ಬೇರೆ ಬೇರೆ ಮಾತು ಬೇಕಾಗುತ್ತದೆ. ತಂದೆಗೆ ಕಾಯಿಲೆಯಾಗಿ ಬರಬೇಕಾಯಿತು ಎನ್ನುವವರು ಈಗ ಮನೆಯ ಪರಿಸ್ಥಿತಿ ಹೇಗಿದೆ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಮತ್ತೆ ಹೊರಟುಹೋಗುವನೆಂಬ ಅನುಮಾನ ಉಳಿಯುತ್ತದೆ. ರಾತ್ರಿ ಪಾಳಿಯ ಕಾರಣದಿಂದ ಬಿಟ್ಟುಬಂದ ಹೆಣ್ಣುಮಕ್ಕಳು ಅದನ್ನು ಸಂಕೋಚವಿಲ್ಲದೆ ಹೇಳಬಹುದು, ಹಗಲು ಪಾಳಿಯ ಕೆಲಸವನ್ನೇ ಹುಡುಕುತ್ತಿರುವುದಾಗಿಯೂ ಹೇಳಬಹುದು. "ಮನೆಯವರು ಬೇಡವೆಂದರು" ಎಂಬ ಉತ್ತರ ಮಾತ್ರ ಬೇಡ. ಮನೆಯವರು ನಾಳೆ ಇದನ್ನೂ ಬೇಡವೆಂದಾರು ಎಂದು ಎದುರಿನವರು ಎಣಿಸುವುದು ಸಹಜ.

ಕೆಲಸದಿಂದ ತೆಗೆದುಹಾಕಲ್ಪಟ್ಟವರ ಪಾಡು ಇನ್ನೂ ಕಠಿಣವೆಂದು ಜನ ಭಾವಿಸುತ್ತಾರೆ. ಪರೀಕ್ಷಾವಧಿ ಎಂಬ ವ್ಯವಸ್ಥೆ ಇರುವುದೇ ಎರಡೂ ಕಡೆಯವರು ಒಬ್ಬರನ್ನೊಬ್ಬರು ಪರೀಕ್ಷಿಸಲೆಂದು. ನಮ್ಮ ರಾಜ್ಯದ ಸರ್ಕಾರಿ ಸೇವೆಯಲ್ಲಿ 1977ರ ನಿಯಮಗಳ ಪ್ರಕಾರ ಅದು ಎರಡು ವರ್ಷಗಳಿಗೆ ಕಡಿಮೆಯಿಲ್ಲ. ಖಾಸಗಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಆ ಅವಧಿಯೊಳಗೆ "ನೀನು ಬೇಡ" ಎಂದರೆ ಅದನ್ನು ಹಾಗೆಯೇ ಹೇಳಬೇಕು: ಇಂಥ ಕೆಲಸದ ವೇಗ ನನಗೆ ಸಾಲಲಿಲ್ಲ, ಆಮೇಲೆ ಇಷ್ಟನ್ನು ಕಲಿತಿದ್ದೇನೆ ಎಂದು. ಈ ಕಡೆಯ ಭಾಗವು ನಿಜವಾಗಿರಬೇಕಾದದ್ದು ಅಗತ್ಯ. ಕಂಪ್ಯೂಟರಿನಲ್ಲಿ ಲೆಕ್ಕವಿಡುವುದನ್ನು ಕಲಿತಿದ್ದೇನೆಂದು ಹೇಳಿದವನನ್ನು ಅಲ್ಲಿಯೇ ಕೂರಿಸಿ ಮಾಡಿ ತೋರಿಸೆನ್ನುವ ಕಾಲವಿದು.

ಇನ್ನು ಮುಚ್ಚಿಡುವ ಸಲಹೆಯ ವಿಚಾರ. ಧರ್ಮಾಧರ್ಮದ ಮಾತನ್ನು ಬದಿಗಿಟ್ಟು ವ್ಯವಹಾರವನ್ನಷ್ಟೇ ನೋಡಿದರೂ ಅದು ನಿಲ್ಲುವುದಿಲ್ಲ. ಭವಿಷ್ಯನಿಧಿ ಸಂಸ್ಥೆಯು 2014ರಿಂದ ಪ್ರತಿಯೊಬ್ಬ ಸದಸ್ಯನಿಗೂ ಯು.ಎ.ಎನ್. ಎಂಬ ಒಂದೇ ಶಾಶ್ವತ ಸಂಖ್ಯೆಯನ್ನು ಕೊಡುತ್ತ ಬಂದಿದೆ. ಎಷ್ಟು ಕಡೆ ಕೆಲಸ ಮಾಡಿದರೂ ಆ ಎಲ್ಲ ಖಾತೆಗಳು ಅದೇ ಸಂಖ್ಯೆಗೆ ಸೇರುತ್ತವೆ. ಇಪ್ಪತ್ತು ದಿನದ ಸಂಬಳದಿಂದ ಭವಿಷ್ಯನಿಧಿಗೆ ಹಣ ಹಿಡಿದಿದ್ದರೆ, ಆ ಸಂಸ್ಥೆಯ ಹೆಸರು, ಸೇರಿದ ದಿನಾಂಕ ಎಲ್ಲವೂ ಅಲ್ಲಿ ನಿಂತಿರುತ್ತವೆ. ಹೊಸ ಸಂಸ್ಥೆಯಲ್ಲಿ ಸೇರಿ ಅದೇ ಸಂಖ್ಯೆಯನ್ನು ಕೊಟ್ಟ ದಿನ ತೋಟ ನೋಡಿಕೊಂಡಿದ್ದ ಕಥೆ ಬಯಲಾಗುತ್ತದೆ. ಹಳೆಯ ಸಂಸ್ಥೆಯವರು ಬಿಟ್ಟ ದಿನಾಂಕವನ್ನು ನಮೂದಿಸದೆ ಹೋದರೆ, ಎರಡು ಕಡೆ ಏಕಕಾಲಕ್ಕೆ ದುಡಿದಂತೆಯೂ ತೋರಬಹುದು. ಕಡೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ಸದಸ್ಯನೇ ಆ ದಿನಾಂಕವನ್ನು ದಾಖಲಿಸುವ ಅನುಕೂಲ 2020ರಲ್ಲಿ ಬಂದಿದೆ, ಅದನ್ನು ಬಳಸಿಕೊಳ್ಳಬೇಕು.

ಹಾಗೆಂದು ಎಲ್ಲವನ್ನೂ ಎಲ್ಲ ಕಡೆ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಸ್ವವಿವರದ ಹಾಳೆ ಅಭ್ಯರ್ಥಿಯದೇ ಬರವಣಿಗೆ. ಹೊಸ ಕೆಲಸಕ್ಕೆ ಸಂಬಂಧವಿಲ್ಲದ ಹತ್ತು ದಿನದ ನೌಕರಿಯನ್ನು ಅದರಲ್ಲಿ ಕಾಣಿಸದಿದ್ದರೆ ವಂಚನೆಯಾಗಲಾರದು. ಆದರೆ "ಹಿಂದಿನ ಎಲ್ಲ ಉದ್ಯೋಗಗಳನ್ನೂ ನಮೂದಿಸಿ" ಎಂದು ಅಚ್ಚಾಗಿರುವ ನಮೂನೆಯಲ್ಲಿ, ಕೆಳಗೆ "ಮೇಲಿನ ವಿವರ ಸತ್ಯ" ಎಂದು ರುಜು ಹಾಕಬೇಕಾದ ಕಡೆ, ಬಿಡುವಂತಿಲ್ಲ. ಬಾಯಿಬಿಟ್ಟು ಕೇಳಿದಾಗಲೂ ಇಲ್ಲವೆನ್ನುವಂತಿಲ್ಲ. ಬೀಗರಾಗುವವರಿಗೆ ಒಂದು ಕಥೆ, ಕಂಪನಿಗೆ ಇನ್ನೊಂದು ಕಥೆ ಕಟ್ಟಿದ ಮನೆಗಳನ್ನೂ ನಾವು ಬಲ್ಲೆವು. ಎರಡು ಕಥೆಗಳನ್ನು ನೆನಪಿಟ್ಟುಕೊಳ್ಳುವ ಶ್ರಮ ಆ ಹುಡುಗನ ಪಾಲಿಗೆ ಬಂತು.

ಒಂದು ಮಾತನ್ನು ಮಾತ್ರ ನಿಷ್ಠುರವಾಗಿ ಹೇಳಬೇಕಾಗಿದೆ. ಒಂದು ಸಾರಿ ಬೇಗ ಬಿಟ್ಟುಬಂದದ್ದಕ್ಕೆ ವಿವರಣೆ ಸಾಕು. ಮೂರು ಸಾರಿ ಹಾಗಾದರೆ ಯಾವ ವಿವರಣೆಯೂ ಸಾಲದು. ಎರಡನೆಯ ಕೆಲಸಕ್ಕೆ ಸೇರುವ ಮುನ್ನವೇ ಕೆಲಸದ ಸ್ವರೂಪ, ಪಾಳಿ, ಸ್ಥಳ, ವಸತಿ ಇವನ್ನೆಲ್ಲ ವಿಚಾರಿಸಿಕೊಳ್ಳುವುದು ಲೇಸು. ಸಂಬಳ ಒಂದನ್ನೇ ಕೇಳಿ ಮಕ್ಕಳನ್ನು ರೈಲು ಹತ್ತಿಸುವ ಹಿರಿಯರು ಈ ವಿಷಯದಲ್ಲಿ ಸ್ವಲ್ಪ ಎಚ್ಚರ ವಹಿಸಬಹುದು.

ಬಿಟ್ಟುಬರುವುದೇ ಅನಿವಾರ್ಯವಾದಾಗ ಹೇಳದೆ ಕೇಳದೆ ರಾತ್ರೋರಾತ್ರಿ ಬರಬಾರದು. ಎರಡು ಸಾಲಿನ ರಾಜೀನಾಮೆ ಬರೆದುಕೊಟ್ಟು, ಅದರ ಪ್ರತಿಗೆ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಗುರುತಿನ ಚೀಟಿ ಮುಂತಾದವನ್ನು ಹಿಂದಿರುಗಿಸಿ, ಬಿಡುಗಡೆ ಪತ್ರವನ್ನು ಕೇಳಿ ಪಡೆಯಬೇಕು. ಇಪ್ಪತ್ತು ದಿನಕ್ಕೆ ಪತ್ರವೇಕೆಂದು ಅವರು ನಿರಾಕರಿಸಿದರೆ, ನೇಮಕದ ಆದೇಶ, ರಾಜೀನಾಮೆಯ ಪ್ರತಿ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಈ ಮೂರನ್ನು ಅಂಕಪಟ್ಟಿಗಳ ಜೊತೆಯಲ್ಲೇ ಇಟ್ಟುಕೊಂಡಿದ್ದು, ಮುಂದಿನ ಸಂದರ್ಶನಕ್ಕೆ ಹೋಗುವಾಗ ಕೈಚೀಲದಲ್ಲಿ ಒಯ್ಯಬೇಕು.