ಕ್ಲೌಡ್ ಸರ್ವರ್‌ಗೆ ಸುರಕ್ಷಿತ ಪ್ರವೇಶ: ಎಸ್‌ಎಸ್‌ಎಚ್ ಕೀಲಿಗಳ ಬಳಕೆ

ಅಂಗಡಿಯ ಗಣಕಯಂತ್ರದಲ್ಲಿಯೇ ಲೆಕ್ಕಪತ್ರ ಇಡುತ್ತಿದ್ದ ನಮ್ಮ ವ್ಯಾಪಾರಿ ಬಾಂಧವರಲ್ಲಿ ಅನೇಕರು ಈಗ ಕ್ಲೌಡ್ ಸರ್ವರ್, ಅಂದರೆ ದೂರದ ಕೇಂದ್ರವೊಂದರಲ್ಲಿ ಬಾಡಿಗೆಗೆ ಪಡೆದ ಗಣಕಯಂತ್ರ, ಬಳಸುತ್ತಿದ್ದಾರೆ. ದಡ್ಡಿಯಲ್ಲಿಯೋ ಮೂಡಲಗಿಯಲ್ಲಿಯೋ ಕುಳಿತು ಮುಂಬಯಿಯ ಸರ್ವರ್‌ನಲ್ಲಿರುವ ಖಾತೆಗಳನ್ನು ನೋಡುವುದು ಸಾಧ್ಯವಾಗಿದೆ. ಆದರೆ ಆ ಸರ್ವರ್‌ನ ಬಾಗಿಲು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತಹುದು. ಪಾಸ್‌ವರ್ಡ್ ಊಹಿಸುವ ತಂತ್ರಾಂಶಗಳು ಹಗಲಿರುಳು ಅದನ್ನು ತಟ್ಟುತ್ತಲೇ ಇರುತ್ತವೆ.

ಅಪಾಯ ಹೊರಗಿನವರಿಂದ ಮಾತ್ರವಲ್ಲ. ಗೋಕಾಕ ಭಾಗದ ಬೆಲ್ಲದ ಅಡತಿ ಸಂಸ್ಥೆಯೊಂದರ ಲೆಕ್ಕ ಪರಿಶೋಧನೆಯ ಕಾಲಕ್ಕೆ ಎರಡು ಹಳೆಯ ಬಿಲ್ಲುಗಳು ತಿದ್ದಲ್ಪಟ್ಟಿರುವುದು ನನ್ನ ಗಮನಕ್ಕೆ ಬಂದಿತು. ಸರ್ವರ್‌ಗೆ ಇದ್ದುದು ಒಂದೇ ಪಾಸ್‌ವರ್ಡ್. ಅದು ನಾಲ್ವರಿಗೆ ತಿಳಿದಿತ್ತು, ಅವರಲ್ಲೊಬ್ಬ ಗುಮಾಸ್ತ ಕೆಲಸ ಬಿಟ್ಟು ಹೋಗಿದ್ದ. ತಿದ್ದಿದವರು ಯಾರೆಂಬುದನ್ನು ಸಿದ್ಧಪಡಿಸುವುದು ಕೊನೆಗೂ ಸಾಧ್ಯವಾಗಲಿಲ್ಲ. ನಿರಪರಾಧಿಗಳೂ ಸಂಶಯಕ್ಕೆ ಒಳಗಾದರು.

ಕೀಲಿ ಮತ್ತು ಕೀಲಿಕೈ

ಎಸ್‌ಎಸ್‌ಎಚ್ ಎಂಬ ಸಂಪರ್ಕ ವಿಧಾನವನ್ನು 1995ರಲ್ಲಿ ಫಿನ್ಲೆಂಡಿನ ಟಾಟು ಯುಲೊನೆನ್ ರೂಪಿಸಿದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಪ್ರಸಂಗವೇ ಇದಕ್ಕೆ ಕಾರಣವಾಯಿತು. ಈ ವಿಧಾನದಲ್ಲಿ ಪಾಸ್‌ವರ್ಡ್‌ಗೆ ಬದಲಾಗಿ ಎರಡು ಕಡತಗಳ ಜೋಡಿಯನ್ನು ಬಳಸಬಹುದು. ನಮ್ಮ ಭಾಗದ ಆಡುಮಾತಿನಲ್ಲಿ ಬಾಗಿಲಿಗೆ ಹಾಕುವುದು ಕೀಲಿ, ಅದನ್ನು ತೆರೆಯುವುದು ಕೀಲಿಕೈ. ಇಲ್ಲಿಯೂ ಹಾಗೆಯೇ. ಸಾರ್ವಜನಿಕ ಕಡತವೆಂಬ ಕೀಲಿಯನ್ನು ಸರ್ವರ್‌ನಲ್ಲಿ ಇಡಬೇಕು, ಅದನ್ನು ಯಾರು ನೋಡಿದರೂ ಹಾನಿಯಿಲ್ಲ. ಖಾಸಗಿ ಕಡತವೆಂಬ ಕೀಲಿಕೈ ನಮ್ಮ ಗಣಕಯಂತ್ರದಲ್ಲಿಯೇ ಉಳಿಯುತ್ತದೆ. ಪ್ರವೇಶದ ಸಮಯದಲ್ಲಿ ಖಾಸಗಿ ಕಡತವು ಆ ಸಂಪರ್ಕಕ್ಕೆ ಮಾತ್ರ ಅನ್ವಯಿಸುವ ಒಂದು ಸಹಿಯನ್ನು ಮಾಡುತ್ತದೆ. ಸರ್ವರ್ ಅದನ್ನು ಸಾರ್ವಜನಿಕ ಕಡತದಿಂದ ತಾಳೆ ನೋಡುತ್ತದೆ. ಕೀಲಿಕೈ ಎಂದಿಗೂ ಜಾಲದ ಮೇಲೆ ಸಾಗುವುದಿಲ್ಲವಾದ್ದರಿಂದ ದಾರಿಯಲ್ಲಿ ಕದಿಯಲು ಏನೂ ಇರುವುದಿಲ್ಲ. ಕಂಪನಿ ವಿವರಪಟ್ಟಿಗಳಿಗೆ ನಾವು ಹಾಕುವ ಡಿಜಿಟಲ್ ಸಹಿಯ ಹಿಂದಿರುವುದೂ ಇದೇ ತತ್ವ.

ಅಳವಡಿಸುವ ಕ್ರಮ

1. ವಿಂಡೋಸ್ 10 ಅಥವಾ 11ರಲ್ಲಿ 'ಎಸ್‌ಎಸ್‌ಎಚ್-ಕೀಜೆನ್' ಆದೇಶದಿಂದ 'ಇಡಿ25519' ಬಗೆಯ ಜೋಡಿಯನ್ನು ಸೃಷ್ಟಿಸಬೇಕು. ಆಗ ಕೇಳಲಾಗುವ ಗುಪ್ತವಾಕ್ಯವನ್ನು ಖಾಲಿ ಬಿಡಬಾರದು. ಲ್ಯಾಪ್‌ಟಾಪ್ ಕಳುವಾದರೆ ರಕ್ಷಣೆ ಅದೊಂದೇ.
2. ಸಾರ್ವಜನಿಕ ಕಡತದ ಸಾಲನ್ನು ಸರ್ವರ್‌ನ 'ಆಥರೈಸ್ಡ್ ಕೀಸ್' ಕಡತಕ್ಕೆ ಸೇರಿಸಬೇಕು.
3. ಮೊದಲ ಸಂಪರ್ಕದಲ್ಲಿ ತೋರುವ ಸರ್ವರ್‌ನ ಬೆರಳಚ್ಚನ್ನು ಸೇವಾದಾರರು ನೀಡಿದ್ದರೊಡನೆ ತಾಳೆ ನೋಡಬೇಕು.
4. ಹೊಸ ಕೀಲಿಕೈಯಿಂದ ಪ್ರವೇಶ ದೊರೆಯುವುದನ್ನು ಖಚಿತಪಡಿಸಿಕೊಂಡ ನಂತರವೇ ಪಾಸ್‌ವರ್ಡ್ ಪ್ರವೇಶವನ್ನು ನಿಲ್ಲಿಸಬೇಕು. ಅವಸರಿಸಿದರೆ ಮಾಲೀಕರೇ ಹೊರಗುಳಿಯುವರು.

ಇದು ಮುಖ್ಯವಾಗಿ ಲಿನಕ್ಸ್ ಸರ್ವರ್‌ಗಳಿಗೆ ಅನ್ವಯಿಸುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಲೆಕ್ಕ ಬರೆಯುವವರಿಗೆ ಬೇರೆ ಏರ್ಪಾಡು ಬೇಕು.

ಪ್ರತಿಯೊಬ್ಬರಿಗೂ ಪ್ರತ್ಯೇಕ ಕೀಲಿಕೈ

ಈ ವ್ಯವಸ್ಥೆಯ ನಿಜವಾದ ಲಾಭ ಇರುವುದು ಇಲ್ಲಿ. ಮಾಲೀಕ, ಗುಮಾಸ್ತ, ತಂತ್ರಜ್ಞ, ಹೀಗೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ ಮತ್ತು ಪ್ರತ್ಯೇಕ ಜೋಡಿ ಇರಲಿ. ಯಾವ ಕೀಲಿಕೈಯಿಂದ, ಎಷ್ಟು ಹೊತ್ತಿಗೆ ಪ್ರವೇಶವಾಯಿತೆಂಬುದು ಸರ್ವರ್‌ನ ದಾಖಲೆಯಲ್ಲಿ ಉಳಿಯುತ್ತದೆ. ಒಬ್ಬರು ಕೆಲಸ ಬಿಟ್ಟರೆ ಅವರ ಖಾತೆಯನ್ನು ಮುಚ್ಚಿ ಅವರ ಸಾಲೊಂದನ್ನು ಅಳಿಸಿದರೆ ಸಾಕು, ಉಳಿದವರಿಗೆ ತೊಂದರೆಯಿಲ್ಲ. ಕೀಲಿಕೈಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಹಂಚಿಕೊಂಡರೆ ಮಾತ್ರ ಈ ಲಾಭವೆಲ್ಲ ವ್ಯರ್ಥ.

ಕಾನೂನಿನ ದೃಷ್ಟಿಯಿಂದಲೂ ಇದು ಅಗತ್ಯ. ಸೈಬರ್ ದಾಳಿಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆಗಳನ್ನು ಕಾಯ್ದಿಡಬೇಕು ಎಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವ ಕಂಪನಿಗಳು ಅದರ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕೆಂದು ಅದೇ ವರ್ಷ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಯಿತು.

ತಿಜೋರಿಯ ಕೀಲಿಕೈ ಯಾರ ಬಳಿ ಇದೆಯೆಂಬುದು ನಮ್ಮ ಹಿರಿಯ ವ್ಯಾಪಾರಿಗಳಿಗೆ ಸದಾ ತಿಳಿದಿರುತ್ತಿತ್ತು. ಸರ್ವರ್‌ನ ವಿಷಯದಲ್ಲಿಯೂ ಅಂತಹ ಪಟ್ಟಿಯೊಂದನ್ನು ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದು ಒಳಿತು.