ಹೊಲಿಗೆಗೊಂದು ಮೂಲೆ

ಹಳೆಯ ಕಾಲದ ಮನೆಗಳಲ್ಲಿ ಒಲೆಗೆ ಒಂದು ನೆಲೆಯಿತ್ತು, ದೇವರಿಗೆ ಒಂದು ಗೂಡಿತ್ತು, ಬೀಸುವ ಕಲ್ಲಿಗೆ ಸಹ ಯಾರೂ ಕದಲಿಸದ ಒಂದು ಮೂಲೆಯಿತ್ತು. ಇವೆಲ್ಲದರ ಬಳಿಕ ಮನೆಯನ್ನು ಸೇರಿದ ಹೊಲಿಗೆಯ ಯಂತ್ರಕ್ಕೆ ಮಾತ್ರ ಇಂಥದೇ ಎಂಬ ಸ್ಥಳ ದೊರೆಯಲಿಲ್ಲ. ಹಗಲು ನಡುಮನೆಯ ಕಿಟಕಿಯ ಬಳಿ, ಊಟದ ಹೊತ್ತಿಗೆ ಗೋಡೆಯ ಬದಿಗೆ, ನೆಂಟರು ಬಂದರೆ ಕೋಣೆಯ ಕತ್ತಲೆಗೆ. ಹೀಗೆ ಅದು ಮನೆಯೊಳಗೇ ಅಲೆಮಾರಿಯಾಯಿತು. “ಅಮ್ಮಾ, ಎಲೆ ಹಾಕಬೇಕು, ಮಿಷನ್ನು ಸ್ವಲ್ಪ ಆಚೆ ಸರಿಸು” ಎಂಬ ಕೂಗಿಗೆ ಅರ್ಧ ಹೊಲಿದ ರವಿಕೆಯನ್ನು ಮಡಿಸಿಟ್ಟು ಏಳದ ಗೃಹಿಣಿ ಯಾರು? ಹಾಗೆ ಮಡಿಸಿಟ್ಟ ರವಿಕೆಯನ್ನು ಮತ್ತೆ ಬಿಚ್ಚುವ ಹೊತ್ತಿಗೆ ಹಬ್ಬವೇ ಕಳೆದು ಹೋಗಿರುತ್ತಿತ್ತು.

ಅಲೆದು ಅಲೆದು ದಣಿದ ಈ ಯಂತ್ರಗಳು ಈಗ ಅಟ್ಟದ ಮೇಲೆ, ಮಂಚದ ಕೆಳಗೆ, ಮಹಡಿಯ ಮೆಟ್ಟಿಲ ಸಂದಿಯಲ್ಲಿ ಧೂಳು ಹೊದ್ದು ಕುಳಿತಿವೆ. ಕೆಲವಕ್ಕೆ ಇನ್ನೂ ವಿಚಿತ್ರವಾದ ಗತಿ ಒದಗಿದೆ. ತಲೆಯ ಭಾಗ ಗುಜರಿಗೆ ಹೋಗಿ, ಬಳ್ಳಿಯ ವಿನ್ಯಾಸದ ಎರಕದ ಕಬ್ಬಿಣದ ಕಾಲು ಮಾತ್ರ ಉಳಿದು, ಅದರ ಮೇಲೊಂದು ಗಾಜಿನ ಹಲಗೆ ಬಿದ್ದು, ಹೋಟೆಲುಗಳಲ್ಲಿ ಕಾಫಿ ಕುಡಿಯುವ ಮೇಜಾಗಿದೆ. ಅಂದವಾಗಿ ಕಾಣುವುದೇನೋ ನಿಜ. ವೀಣೆಯ ಬುರುಡೆಯಲ್ಲಿ ಹೂವಿನ ಗಿಡ ನೆಟ್ಟರೂ ಅಂದವಾಗಿಯೇ ಕಂಡೀತು! ಅಜ್ಜಿಯ ಕಾಲದ ಆ ಯಂತ್ರವನ್ನು ಮತ್ತೆ ಕೆಳಗಿಳಿಸಿ ಹೊಲಿಯಬೇಕೆಂಬ ಆಸೆ ಅನೇಕ ಮನೆಗಳಲ್ಲಿ ಈಚೆಗೆ ಚಿಗುರುತ್ತಿದೆ. ಆ ಆಸೆ ಫಲಿಸಬೇಕಾದರೆ ಯಂತ್ರದ ರಿಪೇರಿಗಿಂತಲೂ ಮೊದಲು ಯೋಚಿಸಬೇಕಾದುದು ಅದು ನಿಲ್ಲುವ ಎಡೆಯನ್ನು.

ಸೂಜಿ ಕನ್ನಡ ನಾಡಿಗೆ ಹೊಸದಲ್ಲ. ದರ್ಜಿ ಎಂಬ ಮಾತು ಬರುವುದಕ್ಕೆ ಮುಂಚೆಯೇ ಕನ್ನಡದಲ್ಲಿ ಚಿಪ್ಪಿಗನಿದ್ದ. ಉತ್ತರದ ಕಡೆ ಅವನು ಸಿಂಪಿಗ. ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೇ ಇದ್ದಾನೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದಲೇ ಕೌದಿ ಹೊಲಿಯುವ ತಾಯಂದಿರು ಧಾರವಾಡ, ಬೆಳಗಾವಿಗಳ ಕಡೆ ಇಂದಿಗೂ ಇದ್ದಾರೆ. ಆದರೆ ಕೈಹೊಲಿಗೆಗೆ ಬೇಕಾದುದು ಒಂದು ಮಡಿಲು, ಒಂದಿಷ್ಟು ಬೆಳಕು. ಎಲ್ಲಿ ಕುಳಿತರೆ ಅಲ್ಲಿಯೇ ಹೊಲಿಗೆ. ಯಂತ್ರ ಬಂದಾಗಲೂ ಮನೆಯವರು ಇದೇ ರೂಢಿಯಲ್ಲಿ ಅದನ್ನು ಕಂಡರು. ತೊಡಕು ಹುಟ್ಟಿದ್ದು ಅಲ್ಲಿ.

ಈ ಯಂತ್ರದ ಚರಿತ್ರೆಯೂ ಸಣ್ಣದಲ್ಲ. ಫ್ರಾನ್ಸಿನ ಬಡ ದರ್ಜಿ ಬಾರ್ತಲೆಮಿ ತಿಮೊನ್ಯೆ 1830ರಲ್ಲಿ ಒಂದು ಯಂತ್ರಕ್ಕೆ ಹಕ್ಕುಪತ್ರ ಪಡೆದು, ಪ್ಯಾರಿಸಿನಲ್ಲಿ ಸೈನ್ಯದ ಉಡುಪು ಹೊಲಿಯಲು ಅಂಥ 80 ಯಂತ್ರಗಳನ್ನು ಹೂಡಿದ. ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಕೆರಳಿದ ದರ್ಜಿಗಳು 1831ರಲ್ಲಿ ನುಗ್ಗಿ ಅವನ್ನು ಪುಡಿಪುಡಿ ಮಾಡಿದರು. ಆತ 1857ರಲ್ಲಿ ಬಡವನಾಗಿಯೇ ಸತ್ತ. ಅಮೆರಿಕದ ಎಲಿಯಾಸ್ ಹೋವ್ ಎಂಬಾತ ಮೊನೆಯ ಬಳಿ ಕಣ್ಣುಳ್ಳ ಸೂಜಿಯನ್ನೂ, ಕೆಳಗಿನ ದಾರವನ್ನು ಒಯ್ಯುವ ಲಾಳಿಯನ್ನೂ ಕೂಡಿಸಿದ ಯಂತ್ರಕ್ಕೆ 1846ರಲ್ಲಿ ಹಕ್ಕುಪತ್ರ ಪಡೆದ. ಐಸಾಕ್ ಮೆರಿಟ್ ಸಿಂಗರ್ ಬಂದದ್ದು ಆಮೇಲೆ, 1851ರಲ್ಲಿ. ಯಂತ್ರವನ್ನು ಕಾಲಿನಿಂದ ತುಳಿಯುವಂತೆ ಮಾಡಿ ಎರಡು ಕೈಗಳನ್ನೂ ಬಟ್ಟೆಗೆ ಬಿಟ್ಟುಕೊಟ್ಟ ವ್ಯವಸ್ಥೆ ಮನೆಮನೆಗೂ ಹಬ್ಬಿದ್ದು ಅವನ ಯಂತ್ರಗಳ ಮೂಲಕ. ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮೇಲೆ ಮಾರುವ ಪದ್ಧತಿಯನ್ನು ತಂದ. ಒಟ್ಟಿಗೆ ಹಣ ತೆರಲಾರದ ಮನೆಗಳಿಗೂ ಯಂತ್ರ ಪ್ರವೇಶಿಸಿತು.

ಯಂತ್ರನಾಗರಿಕತೆಯನ್ನು ಕಂಡರಾಗದ ಗಾಂಧೀಜಿಯವರು ಸಹ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರೆಂಬುದು ಸ್ವಾರಸ್ಯದ ಸಂಗತಿ. ಹೆಂಡತಿ ಕೈಯಿಂದ ಹೊಲಿದು ಬಳಲುವುದನ್ನು ಕಾಣಲಾರದೆ ಪ್ರೀತಿಯಿಂದ ಸಿಂಗರ್ ಇದನ್ನು ನಿರ್ಮಿಸಿದನೆಂದು 1924ರ ಒಂದು ಸಂವಾದದಲ್ಲಿ ಅವರು ಹೇಳಿದರು. ಇತಿಹಾಸ ಅಷ್ಟು ಕೋಮಲವಾಗಿಲ್ಲ. ಬಾಸ್ಟನ್ನಿನ ಒಂದು ಕಾರ್ಯಾಗಾರದಲ್ಲಿ ರಿಪೇರಿಗೆ ಬಂದಿದ್ದ ಬೇರೊಬ್ಬರ ಯಂತ್ರವನ್ನು ನೋಡಿ, ಹಣದ ಆಸೆಯಿಂದಲೇ ಸಿಂಗರ್ ಅದನ್ನು ತಿದ್ದಲು ತೊಡಗಿದ. ಸಂಸಾರದ ವಿಷಯದಲ್ಲಂತೂ ಆತ ಯಾರಿಗೂ ಮೇಲ್ಪಂಕ್ತಿಯಲ್ಲ. ಆದರೂ ಗಾಂಧೀಜಿಯವರ ಮಾತಿನ ತಿರುಳು ಸುಳ್ಳಾಗುವುದಿಲ್ಲ. ಮನುಷ್ಯನ ಕೈಯನ್ನು ಕಿತ್ತುಕೊಳ್ಳದೆ ಅದಕ್ಕೆ ನೆರವಾಗುವ ಯಂತ್ರ ಇದು.

ಭಾರತಕ್ಕೆ ಈ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬರತೊಡಗಿದುವು. ಕಪ್ಪು ಮೈಯ ಮೇಲೆ ಚಿನ್ನದ ಬಣ್ಣದ ಚಿತ್ತಾರವುಳ್ಳ ಹಳೆಯ ಸಿಂಗರ್ ಮನೆಯಲ್ಲಿದ್ದರೆ ಅದರ ಅಡಿಯಲ್ಲಿ ಒತ್ತಿರುವ ಅಂಕಿಯನ್ನು ನೋಡಬೇಕು. ಅಂಕಿಯ ಮುಂದೆ ವೈ, ಎಫ್ ಅಥವಾ ಜೆ ಎಂಬ ಇಂಗ್ಲಿಷ್ ಅಕ್ಷರವೊಂದೇ ಇದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದರ ಯಂತ್ರಗಳು ಇನ್ನೂ ಮುಚ್ಚಿಲ್ಲ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ಹೊರತಂದಿತು. ಆಮೇಲೆ ಲೂಧಿಯಾನ ಈ ಕೈಗಾರಿಕೆಯ ತವರಾಯಿತು. ದೇಶೀಯ ಕಪ್ಪು ಯಂತ್ರಗಳು ಬಹುಮಟ್ಟಿಗೆ ಸಿಂಗರಿನ 15ನೆಯ ವರ್ಗದ ಮಾದರಿಯನ್ನೇ ಅನುಸರಿಸಿದುವು. ಅದರಿಂದ ಒಂದು ಉಪಕಾರವಾಗಿದೆ. ಅಜ್ಜಿಯ ಯಂತ್ರಕ್ಕೆ ಬೇಕಾದ ದುಂಡು ಬಾಬಿನ್, ಬಾಬಿನ್ ಕೇಸು, ಚರ್ಮದ ಬೆಲ್ಟು, ಸೂಜಿ ಇವೆಲ್ಲ ಇಂದಿಗೂ ಬೆಂಗಳೂರಿನ ಚಿಕ್ಕಪೇಟೆ, ನಗರ್ತಪೇಟೆಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಊರುಗಳ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿಯೂ ಸಿಕ್ಕುತ್ತವೆ. ದೋಣಿಯಾಕಾರದ ಲಾಳಿಯುಳ್ಳ ಇನ್ನೂ ಹಳೆಯ ಯಂತ್ರವಾದರೆ ಮಾತ್ರ ಎಚ್ಚರಿಕೆ ಬೇಕು. ಹಣ ಕೊಟ್ಟು ಕೊಳ್ಳುವವರು ಲಾಳಿಯೂ ಅದರ ಉದ್ದನೆಯ ಬಾಬಿನ್ನೂ ಒಳಗಿವೆಯೆ, ಅದರ ಸೂಜಿ ಈಗಲೂ ಪೇಟೆಯಲ್ಲಿದೆಯೆ ಎಂದು ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಇನ್ನು ಎಡೆಯ ಮಾತು. ತುಳಿಯುವ ಯಂತ್ರದ ಮೇಜು ಸುಮಾರು 3 ಅಡಿ ಉದ್ದ, ಒಂದೂವರೆ ಅಡಿ ಅಗಲ. ಕುಳಿತುಕೊಳ್ಳುವ ಸ್ಟೂಲೂ ಸೇರಿ, ಎಡಕ್ಕೆ ಬಟ್ಟೆ ಇಳಿಯಲು ಒಂದಿಷ್ಟು ಬಯಲು ಬಿಟ್ಟರೆ, ಐದಡಿಗೆ ನಾಲ್ಕಡಿ ಸಾಕು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿಯೂ ಇಷ್ಟು ಜಾಗ ಸಿಕ್ಕದೆಂದು ಹೇಳುವವರು ಟೆಲಿವಿಷನ್ನಿಗೆ ಬಿಟ್ಟ ಗೋಡೆಯನ್ನೊಮ್ಮೆ ಅಳೆದು ನೋಡಬಹುದು.

ಆ ಐದಡಿ ಎಲ್ಲಿರಬೇಕೆಂಬುದನ್ನು ಕಿಟಕಿಯೇ ನಿರ್ಣಯಿಸುತ್ತದೆ. ಯಂತ್ರದ ಕಂಬ ಬಲಗಡೆ, ಸೂಜಿ ಎಡಗಡೆ. ಬೆಳಕು ಬಲದಿಂದ ಬಂದರೆ ಕಂಬದ ನೆರಳೂ ಹೊಲಿಯುವವರ ಕೈಯ ನೆರಳೂ ಸೂಜಿಯ ಮೇಲೆಯೇ ಬೀಳುವುವು. ಆದುದರಿಂದ ಕಿಟಕಿ ಎಡಕ್ಕಿರುವುದು ಮೇಲು. ಬೆನ್ನ ಹಿಂದೆ ಕಿಟಕಿ ಬೇಡವೇ ಬೇಡ. ರಾತ್ರಿ ಹೊಲಿಯುವವರು ಸಣ್ಣ ದೀಪವೊಂದನ್ನು ಎಡಬದಿಯಲ್ಲಿ ತಗ್ಗಾಗಿ ಇಟ್ಟುಕೊಳ್ಳಬೇಕು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಹೊಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಕಿಟಕಿಗೆ ತೀರ ತಾಗಿಸಿಡುವುದೂ ಅಪಾಯ. ಮಳೆಗಾಲದ ಇರಚಲು ಹೊಡೆದು ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರದ ಹಲಗೆ ಉಬ್ಬುತ್ತದೆ, ಚರ್ಮದ ಬೆಲ್ಟು ಸಡಿಲಗೊಂಡು ಜಾರತೊಡಗುತ್ತದೆ. ಒಂದು ಗೇಣು ಹಿಂದಕ್ಕೆ ಸರಿಸಿದರೆ ಬೆಳಕೂ ಉಂಟು, ರಕ್ಷಣೆಯೂ ಉಂಟು.

ನೆಲ ಸಮನಾಗಿರಬೇಕು. ನಾಲ್ಕು ಕಾಲುಗಳಲ್ಲಿ ಒಂದು ಅಲುಗಿದರೂ ತುಳಿದ ಶಕ್ತಿಯೆಲ್ಲ ನಡುಕಕ್ಕೆ ವ್ಯಯವಾಗುತ್ತದೆ. ರಟ್ಟಿನ ತುಂಡು ನಾಲ್ಕು ದಿನದಲ್ಲಿ ಚಪ್ಪಟೆಯಾದೀತು. ಮರದ ಬಿಲ್ಲೆಯೊಂದನ್ನು ಕೆತ್ತಿ ಕೊಟ್ಟರೆ ಬಹುಕಾಲ ನಿಲ್ಲುತ್ತದೆ. ಸ್ಟೂಲು ಎಷ್ಟು ಎತ್ತರವಿರಬೇಕೆಂದರೆ, ಪಾದಗಳು ಪೆಡಲಿನ ಮೇಲೆ ಪೂರ್ತಿ ಊರಿರುವಾಗ ಮೊಣಕಾಲು ಮೇಜಿಗೆ ತಗುಲಬಾರದು, ಬೆನ್ನು ಬಾಗಬಾರದು. ಒಂದು ಪಾದ ತುಸು ಮುಂದೆ, ಇನ್ನೊಂದು ತುಸು ಹಿಂದೆ ಇದ್ದರೆ ಬೆರಳು ಹಿಮ್ಮಡಿಗಳ ಸರದಿ ತಾನಾಗಿ ಕೂಡಿಬರುತ್ತದೆ. ಬರಿಗಾಲು ಎಲ್ಲಕ್ಕಿಂತ ಉತ್ತಮ.

ಬಲಗಡೆಯ ಗೋಡೆಗೆ ಮೂರು ಮೊಳೆ ಹೊಡೆದರೆ ಕತ್ತರಿ, ಟೇಪು, ಅಳತೆಯ ಕಾಗದಗಳಿಗೆ ನೆಲೆಯಾಯಿತು. ಬಟ್ಟೆ ಕತ್ತರಿಸುವ ಕತ್ತರಿಯನ್ನು ಮನೆಯವರಾರೂ ಕಾಗದಕ್ಕೆ, ಹಾಲಿನ ಪೊಟ್ಟಣಕ್ಕೆ ಬಳಸಕೂಡದೆಂಬ ಕಟ್ಟಳೆ ಮೊದಲ ದಿನವೇ ಆಗಿಬಿಡಲಿ. ಇಸ್ತ್ರಿ ಪೆಟ್ಟಿಗೆಯೂ ಕೈಯಳವಿನಲ್ಲಿದ್ದರೆ ಒಳಿತು. ಹೊಲಿದ ಪ್ರತಿಯೊಂದು ಮಡಿಕೆಯನ್ನೂ ಆಗಿಂದಾಗ ಒತ್ತಿದ ರವಿಕೆಗೂ, ಎಲ್ಲ ಮುಗಿದ ಮೇಲೆ ಒಮ್ಮೆ ಒತ್ತಿದ ರವಿಕೆಗೂ ಇರುವ ಅಂತರವನ್ನು ತೊಟ್ಟವರೇ ಹೇಳುತ್ತಾರೆ.

ಅಟ್ಟದಿಂದ ಇಳಿದ ಯಂತ್ರ ಮೊದಲು ತಿರುಗುವುದೇ ಇಲ್ಲ. ಕೆಟ್ಟುಹೋಗಿದೆಯೆಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಬಹುತೇಕ ಅದು ಕೆಟ್ಟಿರುವುದಿಲ್ಲ. ಯಾರೋ ಎಂದೋ ಬಿಟ್ಟ ಕೊಬ್ಬರಿ ಎಣ್ಣೆ ಒಳಗೆ ಅಂಟಾಗಿ ಬಿಗಿದಿರುತ್ತದೆ. ಅಡಿಗೆಮನೆಯ ಎಣ್ಣೆ ಯಾವುದೂ ಇದಕ್ಕೆ ಸಲ್ಲದು. ಎಣ್ಣೆ ಬಿಡುವ ರಂಧ್ರಗಳಲ್ಲಿ, ಲೋಹಕ್ಕೆ ಲೋಹ ಉಜ್ಜುವ ಎಡೆಗಳಲ್ಲಿ ಸೀಮೆಎಣ್ಣೆಯ ಹನಿಗಳನ್ನು ಬಿಟ್ಟು ಒಂದೆರಡು ದಿನ ಕಾದು, ಚಕ್ರವನ್ನು ಕೈಯಿಂದ ಮೆಲ್ಲಗೆ ಅತ್ತಿತ್ತ ಆಡಿಸಿದರೆ ಅಂಟು ಕರಗಿ ಬರುತ್ತದೆ. ಒರೆಸಿದ ಮೇಲೆ ಹೊಲಿಗೆಯಂತ್ರದ ಎಣ್ಣೆಯನ್ನೇ ಬಿಡಬೇಕು. ಬೆಂಕಿಯ ಬಳಿ ಈ ಕೆಲಸ ಬೇಡ. ಕಪ್ಪು ಮೈಯನ್ನು ಸ್ಪಿರಿಟಿನಿಂದ ಒರೆಸುವುದಂತೂ ಕೂಡದು. ಅರಗಿನ ಮೆರುಗು ಕರಗಿ, ನೂರು ವರ್ಷ ಬಾಳಿದ ಚಿನ್ನದ ಬಳ್ಳಿ ಒಂದು ಗಳಿಗೆಯಲ್ಲಿ ಬಟ್ಟೆಗೆ ಬಂದುಬಿಡುತ್ತದೆ.

ಬೆಲ್ಟು ಬೆರಳಿನಿಂದ ಒತ್ತಿದರೆ ತುಸು ತಗ್ಗುವಷ್ಟು ಬಿಗಿಯಿದ್ದರೆ ಸರಿ. ಹೊಸ ಸೂಜಿ ಹಾಕಬೇಕು. ತೆಳು ಬಟ್ಟೆಗೆ 11, ಸಾಮಾನ್ಯ ಹತ್ತಿಗೆ 14, ದಪ್ಪಕ್ಕೆ 16. ಸೂಜಿಯ ಒಂದು ಮಗ್ಗುಲಲ್ಲಿ ಉದ್ದನೆಯ ಗೀರೊಂದಿದೆ. ದಾರ ಕಣ್ಣನ್ನು ಹೊಗಬೇಕಾದುದು ಆ ಗೀರಿನ ಕಡೆಯಿಂದ. ಇದೊಂದು ತಪ್ಪಿದರೆ ಯಂತ್ರ ಹೊಲಿಗೆಗಳನ್ನು ಬಿಡುತ್ತ ಹೋಗುತ್ತದೆ. ದೂರು ಬರುವುದು ಮಾತ್ರ ಅಜ್ಜಿಯ ಯಂತ್ರದ ಮೇಲೆ. ಬಟ್ಟೆಯ ಕೆಳಬದಿಯಲ್ಲಿ ದಾರ ಗೂಡು ಕಟ್ಟಿದರೆ ಬಾಬಿನ್ನನ್ನು ಶಪಿಸುವ ಮೊದಲು ಮೇಲಿನ ದಾರ ಬಿಗಿಯ ತಟ್ಟೆಗಳ ನಡುವೆ ಸರಿಯಾಗಿ ಕುಳಿತಿದೆಯೆ ಎಂದು ನೋಡಬೇಕು.

ಮೊದಲ ವಾರ ದಾರವನ್ನೇ ಪೋಣಿಸದೆ, ರೂಲು ಹಾಕಿದ ಕಾಗದದ ಮೇಲೆ ಗೆರೆ ಹಿಡಿದು ತುಳಿಯುವುದು ಒಳ್ಳೆಯ ಅಭ್ಯಾಸ. ಈ ಯಂತ್ರಗಳಲ್ಲಿ ಬಹುಪಾಲು ಚಕ್ರದ ಮೇಲ್ಭಾಗ ಹೊಲಿಯುವವರ ಕಡೆಗೆ ಉರುಳಬೇಕು. ಬಲಗೈಯಿಂದ ಚಕ್ರವನ್ನು ಆ ದಿಕ್ಕಿಗೆ ತಳ್ಳಿ, ಒಡನೆಯೇ ಕಾಲು ಸೇರಿಸಬೇಕು. ಹಿಮ್ಮುಖವಾಗಿ ಓಡಿದರೆ ದಾರ ತುಂಡಾಗುತ್ತದೆ. ಬಟ್ಟೆಯನ್ನು ಎಳೆಯಬಾರದು, ಬರಿದೆ ದಾರಿ ತೋರಬೇಕು. ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ.

ಇಷ್ಟೆಲ್ಲ ಏಕೆ, ದರ್ಜಿಯ ಅಂಗಡಿ ಬೀದಿಯ ತಿರುವಿನಲ್ಲಿಯೇ ಇಲ್ಲವೆ ಎಂದು ಕೇಳುವವರುಂಟು. ಇದೆ. ಆದರೆ ಹೊಲಿಗೆಯ ಕೆಲಸ ಬಹಳ ಸಲ ಹತ್ತು ನಿಮಿಷದ್ದು. ಶಾಲೆಗೆ ಹೊರಟ ಹುಡುಗಿಯ ಲಂಗದ ಅಂಚು, ಬಿಚ್ಚಿದ ಜೇಬು, ಸೀರೆಯ ಫಾಲು, ಬಿಗಿಯಾದ ರವಿಕೆಯ ಮಗ್ಗುಲು. ಯಂತ್ರವನ್ನು ಹೊರಗೆಳೆಯಲು ಹದಿನೈದು ನಿಮಿಷ, ಮತ್ತೆ ಒಳಗಿಡಲು ಹದಿನೈದು ನಿಮಿಷ ಹಿಡಿಯುವ ಮನೆಯಲ್ಲಿ ಈ ಹತ್ತು ನಿಮಿಷದ ಕೆಲಸ ಎಂದಿಗೂ ನಡೆಯದು. ನೆಲೆಯುಳ್ಳ ಯಂತ್ರದ ಮುಂದೆ ಅನ್ನ ಬೇಯುವಷ್ಟರಲ್ಲಿ ಮುಗಿಯುತ್ತದೆ. ಅಕ್ಕಪಕ್ಕದವರ ಫಾಲು, ರವಿಕೆ ಹೊಲಿದುಕೊಟ್ಟು ಕೈಗೆ ನಾಲ್ಕು ಕಾಸು ಮಾಡಿಕೊಳ್ಳುವ ಹೆಂಗಸಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು. ಎಲ್ಲರ ಊಟಕ್ಕೆ, ಎಲ್ಲರ ನೆಂಟರಿಗೆ ಎದ್ದು ಜಾಗ ಬಿಡಬೇಕಾದ ಕೆಲಸವನ್ನು ಮನೆಯವರು ಬಿಡುವಿನ ವಿನೋದವೆಂದೇ ಎಣಿಸುತ್ತಾರೆ. ಹೇಳಿದ ದಿನಕ್ಕೆ ರವಿಕೆ ಕೊಡಲಾಗದೆ ಗಿರಾಕಿ ತಪ್ಪಿದಾಗ ಹೊಣೆ ಅವಳದೇ. ಅರ್ಧ ಹೊಲಿದ ಬಟ್ಟೆ ಸೂಜಿಯ ಕೆಳಗೆ ಹಾಗೆಯೇ ನಿಲ್ಲಬಹುದಾದ ಮನೆಯಲ್ಲಿ, ಅವಳು ಎದ್ದು ಹೋದ ಮೇಲೂ ಕೆಲಸ ಅಲ್ಲಿ ಕುಳಿತಿರುತ್ತದೆ. ಎಲ್ಲರ ಕಣ್ಣಿಗೂ ಬೀಳುತ್ತದೆ.

ಅದೇ ಕಾರಣದಿಂದ ಮಕ್ಕಳ ಕಣ್ಣಿಗೂ ಬೀಳುತ್ತದೆಂಬುದನ್ನು ಮರೆಯಬಾರದು. ಓಡುವ ಚಕ್ರ, ಬೆಲ್ಟುಗಳ ನಡುವೆ ಎಳೆಯ ಬೆರಳು ಸಿಕ್ಕಿಕೊಳ್ಳುವುದುಂಟು. ದಿನದ ಕೆಲಸ ಮುಗಿದೊಡನೆ ಬೆಲ್ಟನ್ನು ಚಕ್ರದಿಂದ ಜಾರಿಸಿಬಿಟ್ಟರೆ ಪೆಡಲು ತುಳಿದರೂ ಸೂಜಿ ಆಡದು. ಬಾಬಿನ್ನಿನ ಬಳಿ ಸೇರಿದ ನೂಲಿನ ಜುಂಗನ್ನು ಸಣ್ಣ ಕುಂಚದಿಂದ ತೆಗೆದು, ಎಣ್ಣೆ ಬಿಟ್ಟ ದಿನ ಹಳೆಯ ಬಟ್ಟೆಯ ತುಂಡಿನ ಮೇಲೆ ಎರಡು ಸಾಲು ಹೊಲಿದು, ಆ ತುಂಡನ್ನೇ ಪಾದದ ಕೆಳಗೆ ಬಿಟ್ಟು ಗವಸು ಮುಚ್ಚಬೇಕು. ರಾತ್ರಿ ಒಸರುವ ಎಣ್ಣೆಯನ್ನು ಅದು ಹೀರಿಕೊಂಡು, ಬೆಳಿಗ್ಗೆ ಮೊದಲು ಹೊಲಿಯುವ ಬಟ್ಟೆಯನ್ನು ಕಲೆಯಾಗದಂತೆ ಕಾಯುತ್ತದೆ.